ಫಿರಂಗಿ ದಾರಿ

ಅಯ್ಯೂರು ಚೆಕ್‌ಪೋಸ್ಟಿನ ಗಾರ್ಡು
ಸೈಕಲ್ಲಿನ ದಪ್ಪ ಗಾಲಿಗಳನ್ನು ಒತ್ತಿ ನೋಡಿ
ಐದಕ್ಕೆ ಮುಂಚೆ ಇಳಿದುಬಿಡು, ಮರಿಯಾನೆ ಇದಾವೆ
ಎಂದು ತಮಿಳಿನಲ್ಲಿ ಹೇಳಿದ.
ನಾಯಿಯನ್ನು ತೆಲುಗಿನಲ್ಲಿ ಗದರಿದ.
ಗೇಟು ಎತ್ತುವಾಗ ಸೊಂಟ ಹಿಡಿದು
ಅಯ್ಯೋ ಅವ್ವಾ ಎಂದದ್ದು ಮಾತ್ರ ಕನ್ನಡ.
ಎದೆಯ ಪಟ್ಟಿಯಲ್ಲಿ ತಮಿಳಕ್ಷರದ ಹೆಸರು,
ಬಿಳಿಗಿರಿಯೋ ಪಿಳಿಗಿರಿಯೋ ತಿಳಿಯದು.

ಸೈಕಲ್ಲು ಸೆಕೆಂಡ್ ಹ್ಯಾಂಡ್, ಎಂಟು ತಿಂಗಳ ಓಟಿಯ ದುಡ್ಡು.
ದೆಂಕಣಿಕೋಟೆಯ ಶೌಕತ್ ಭಾಯಿ ಚೈನಿಗೆ ಎಣ್ಣೆ ಬಿಡುತ್ತ
ಬಸ್ಸು ಹೋಗೋ ಊರಿಗೆ ಯಾಕಮ್ಮ ಈ ಶಿಕ್ಷೆ ಅಂದಿದ್ದರು.
ಹೊಸೂರಿನಲ್ಲಿ ಆರು ದಿನ
ಒಂದೇ ಜಾಗದಲ್ಲಿ ನಿಂತು ಬ್ರೇಕ್ ಶೂ ಜೋಡಿಸುವವಳಿಗೆ
ಏಳನೆಯ ದಿನ ಬ್ರೇಕು ಬಿಡಬೇಕು ಅನ್ನಿಸುತ್ತದೆ,
ಅಷ್ಟೆ.

ಬಿದಿರು ಮೆಳೆಯ ಹತ್ತಿರ ಟಾರು ರಸ್ತೆ ಎಡಕ್ಕೆ ಹೊರಳುತ್ತದೆ.
ಬಲಕ್ಕೆ ಲಂಟಾನ, ಒಣಗಿದ ಹಳ್ಳ,
ಇನ್ನೂ ಹೊಗೆಯಾಡುವ ಆನೆಲದ್ದಿ.
ಊರವರು ಇದನ್ನು ಫಿರಂಗಿ ದಾರಿ ಅನ್ನುತ್ತಾರೆ.
ಯಾರ ಫಿರಂಗಿ? ಸುಲ್ತಾನನದೋ, ಕುಂಪಣಿಯದೋ?
ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ.
ರಾಯಕೋಟೆ ಬಿದ್ದ ವರ್ಷ ಅನ್ನುತ್ತಾರೆ,
ಯಾರ ಕೈಗೆ ಬಿತ್ತು ಅನ್ನುವುದಿಲ್ಲ.

ನನ್ನ ತೊಡೆಗಳಿಗೆ ಮೊದಲು ತಿಳಿಯಿತು:
ಬೆಟ್ಟ ಕಡಿದು, ದಾರಿ ಅಲ್ಲ.
ಎರಡನೇ ಗೇರಿನಲ್ಲೇ ಏರುತ್ತಿದ್ದೇನೆ.
ಉಸಿರು ಕಟ್ಟುವ ಮುಂಚೆ ಒಂದು ತಿರುವು,
ತಿರುವಿನಲ್ಲಿ ಹತ್ತು ಮಾರು ಸಮತಟ್ಟು,
ಮತ್ತೆ ಏರು, ಮತ್ತೆ ಉಸಿರು ಕಟ್ಟುವ ಮುಂಚೆ
ಅದೇ ಹತ್ತು ಮಾರು.
ಯಾರೋ ಅಳೆದಿದ್ದಾರೆ ಇದನ್ನು,
ಸರಪಳಿ ಹಿಡಿದಲ್ಲ,
ಎತ್ತಿನ ಬಾಯಿಯ ನೊರೆ ನೋಡಿಕೊಂಡು.
ಇಪ್ಪತ್ತು ಜೊತೆ ಎತ್ತು, ಹಿಂದೆ ಕಂಚಿನ ಭಾರ,
ಗಾಲಿಯಡಿಗೆ ಕಲ್ಲು ಕೊಡಲು ಓಡುವ ಹುಡುಗರು,
ಅವರ ಬೆರಳುಗಳ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ.
ಎತ್ತು ಎಲ್ಲಿ ಮಂಡಿಯೂರಿತೋ ಅಲ್ಲಿ ತಿರುವು.
ಗೆದ್ದವರ ಹೆಸರು, ಇಸವಿ ಸಮೇತ,
ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತವಳು
ಸೋತ ಎತ್ತುಗಳನ್ನು ಇವತ್ತು ಕಾಲಿನಿಂದ ಓದಿದೆ.

ಹನ್ನೊಂದನೆಯ ತಿರುವಿನಲ್ಲಿ ಬಿದ್ದೆ. ಮೊಣಕೈ ತರಚಿತು.
ಸೈಕಲ್ಲಿಗೆ ಏನೂ ಆಗಲಿಲ್ಲ.

ಬೆಟ್ಟಮುಗಿಲಾಳದ ಮೊದಲ ಮನೆಯಲ್ಲಿ ನೀರು ಕೇಳಿದೆ.
ಈರಕ್ಕ ಮಜ್ಜಿಗೆ ತಂದಳು.
ಹೆಲ್ಮೆಟ್ಟು ತೆಗೆದ ಮೇಲೆ, ಓ ಹೆಣ್ಮಗ, ಅಂದು
ಇನ್ನೊಂದು ಲೋಟ ಬಗ್ಗಿಸಿದಳು.
ಗಾಳಿಗೆ ಹಾಕಿಕೊಳ್ಳದಂತೆ ಕದಕ್ಕೆ ಒತ್ತಿ ಇಟ್ಟಿದ್ದ
ಕರಿ ಉಂಡೆಯೊಂದನ್ನು ಕಾಲಿನಲ್ಲಿ ಉರುಳಿಸಿ,
ಎತ್ತು ನೋಡುವಾ.
ಎತ್ತಿದೆ. ಬೊಗಸೆ ತುಂಬ ತಣ್ಣನೆ ಕಬ್ಬಿಣ.

"ನಮ್ಮತ್ತೆ ಸೂಲಗಿತ್ತಿ.
ತಕ್ಕಡೀಲಿ ಒಂದ್ಕಡೆ ಇದು, ಒಂದ್ಕಡೆ ಕೂಸು.
ಕೂಸು ಕೆಳಕ್ಕೆ ಹೋದ್ರೆ ಬೆಲ್ಲ ಹಂಚ್ರೋ ಅನ್ನೋಳು.
ಗುಂಡು ಕೆಳಕ್ಕೆ ಹೋದ್ರೆ ಏನೂ ಅನ್ನಾಂಗಿಲ್ಲ,
ಒಲೆಗೆ ಇನ್ನೊಂದು ಸೌದೆ ಇಕ್ಕಿ
ಕೂಸ್ನ ಎದೆಗೆ ಕಟ್ಕಂಡು ಕೂತ್ಕಳಾಳು.
ಈ ಬೆಟ್ಟದಾಗೆ ನಲವತ್ತು ದಾಟಿದೋರೆಲ್ಲ
ಇದರ ಜೊತೆ ತೂಗಿಸ್ಕಂಡೋರೇ."
ನಾನು ಗುಂಡನ್ನು ಇನ್ನೂ ಇಳಿಸಿರಲಿಲ್ಲ.
ಯಾಕೋ ಎಡತೋಳಿನ ಮಡಿಕೆಗೆ ಬಂದುಬಿಟ್ಟಿತ್ತು.
"ಬರ್ತಾ ಗೇಟಲ್ಲಿ ಬಿಳಿಗಿರಿ ಸಿಕ್ಕಿರಬೇಕಲ್ಲ,
ಭಾಳ ಹಗುರ ಇದ್ದ ಅವನು.
ಮೂರು ರಾತ್ರಿ ನಮ್ಮತ್ತೆ ಅಂಗಾತ ಮಲಗ್ಲಿಲ್ಲ."

ಇಳಿಯುವಾಗ ಬ್ರೇಕು ಕಿರುಗುಟ್ಟಿತು, ಯಾವ ಕೈ ಜೋಡಿಸಿದ್ದೋ.
ಸುಸ್ತಿಲ್ಲದಿದ್ದರೂ ಪ್ರತಿ ಸಮತಟ್ಟಿನಲ್ಲಿ
ಒಂದು ಕಾಲು ನೆಲಕ್ಕೆ ಊರಿ ನಿಂತೆ.
ಎಲ್ಲೋ ಬಿದಿರು ಮುರಿದ ಸದ್ದು.

ಗೇಟು ತಲುಪಿದಾಗ ಐದೂ ಇಪ್ಪತ್ತು.
ಬಿಳಿಗಿರಿ ಮೂರು ಭಾಷೆಯಲ್ಲೂ ಬೈದ,
ಆನೆ ತುಳಿದರೆ ನಿಮ್ಮಪ್ಪನಿಗೆ ಯಾರು ಉತ್ತರ ಕೊಡೋದು,
ಬುದ್ಧಿ ಇದೆಯಾ, ಮದುವೆಯಾಗಿದೆಯಾ.
ನಾನು ತಲೆಯಾಡಿಸುತ್ತ
ಅವನ ಹೊಟ್ಟೆ, ಬೆಲ್ಟು, ಧೂಳು ತುಂಬಿದ ಬೂಟು ನೋಡುತ್ತ
ಈಗ ಎಷ್ಟು ತೂಗಬಹುದು ಎಂದು ಅಂದಾಜು ಹಾಕುತ್ತಿದ್ದೆ.
ಎಪ್ಪತ್ತೆರಡು?
ಎಪ್ಪತ್ತೈದು ಇದ್ದರೂ ಇರಬಹುದು.